ರಾತ್ರಿ ಎಂಟರ್ ಒತ್ತುವವರು

ನಗುವುದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ನಮ್ಮ ದೊಡ್ಡಪ್ಪನ ಮಗ ಲಕ್ಷ್ಮೀಶನಿಗೆ ಆದದ್ದು. ಹೋದ ವರ್ಷ, ಎನ್.ಆರ್. ಕಾಲೋನಿಯಲ್ಲಿ.

ಆ ರಾತ್ರಿ ಅವನು ಆಫೀಸಿಗೆ ಬೀಗ ಹಾಕಿ ಮನೆಗೆ ನಡೆದು ಹೊರಟಿದ್ದ. ಅಡ್ಡರಸ್ತೆಯ ಕೊನೆಗೆ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುವಾಗ ಜೇಬಿನಲ್ಲಿ ಫೋನು ಗುರ್ರ್ ಅಂತು. ಆಫೀಸಿನ ಕಂಪ್ಯೂಟರಿನಿಂದ ಮೆಸೇಜು. 'ಸ್ಕ್ರಿಪ್ಟ್ ನಿಲ್ಲಿಸಲಾಗಿದೆ.' ಸ್ಕ್ರಿಪ್ಟ್ ಅಂದರೆ ಕಂಪ್ಯೂಟರ್ ತಾನೇ ಮಾಡಿಕೊಳ್ಳಲಿ ಅಂತ ಬರೆದಿಟ್ಟ ಆಜ್ಞೆಗಳ ಪಟ್ಟಿ. ಯಾರಾದರೂ ಎದುರಿಗೆ ಕೂತು, ಕೈಯಾರೆ ನಿಲ್ಲಿಸಿದರೆ ಮಾತ್ರ ಬರುವ ಮೆಸೇಜು ಅದು. ಒಳಗೆ ಯಾರೂ ಇರಲಿಲ್ಲ... ಬೀಗದ ಕೈ ಇವನ ಹತ್ತಿರವೇ ಇತ್ತು.

ಆ ಆಫೀಸಿನವರ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಯೂನಿಕ್ಸ್ ಅನ್ನೋ ಬಗೆಯ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಕಟ್ಟಿಕೊಡೋದು. ಸಿದ್ಧವಾದದ್ದನ್ನು ತರುವುದಿಲ್ಲ, ಮೂಲ ಕೋಡ್ ತಂದು ತಮ್ಮಲ್ಲೇ ಪ್ಯಾಕೇಜು ಮಾಡುತ್ತಾರೆ. ಅಂಗಡಿ ಹುಳಿಪುಡಿ ಬೇಡ ಅಂತ ಮನೆಯಲ್ಲೇ ಹುರಿದು ಪುಡಿ ಮಾಡೋ ಹಾಗೆ. ನೂರಾರು ಪ್ಯಾಕೇಜು. ಒಂದೊಂದೂ ಶುರುವಾಗುವ ಮುಂಚೆ ಪ್ರಶ್ನೆ ಕೇಳುತ್ತದೆ, ಇದು ಸೇರಿಸಲೇ, ಅದು ಬಿಡಲೇ? ಯಾರಾದರೂ ಎಂಟರ್ ಒತ್ತಬೇಕು. ಒತ್ತದಿದ್ದರೆ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಒತ್ತುತ್ತಿದ್ದವರು ಮನೋಹರ್ ಸಾರ್, ಲಕ್ಷ್ಮೀಶನಿಗೆ ಕೆಲಸ ಕಲಿಸಿದವರು. "ನೀನ್ ಮನೆಗ್ ಹೋಗಪ್ಪ, ನಾನ್ ಇದೀನಲ್ಲ" ಅಂತ ಅವನನ್ನು ಕಳಿಸಿ, ರಾತ್ರಿಯೆಲ್ಲ ಒಬ್ಬರೇ ಕೂರುತ್ತಿದ್ದರು. ಒಂದು ಬೆಳಿಗ್ಗೆ ಇವನು ಬಂದು ನೋಡಿದರೆ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಪರದೆಯ ಮೇಲೆ ಪ್ರಶ್ನೆ ಇನ್ನೂ ಕಾಯುತ್ತಿತ್ತು.

ಅಂದಿನಿಂದ ಲಕ್ಷ್ಮೀಶ ಮರಗಟ್ಟಿಹೋದ. ಅಳಲಿಲ್ಲ. ಉಣ್ಣುತ್ತಿದ್ದ, ರುಚಿ ಗೊತ್ತಾಗುತ್ತಿರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ. ಒಂದೇ ಹಟ, ಆ ಕುರ್ಚಿಯಲ್ಲಿ ಇನ್ನು ಯಾರೂ ರಾತ್ರಿ ಕೂರಬಾರದು. ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಕೊಟ್ಟಿಟ್ಟು, ಕೆಲಸ ತಾನೇ ನಡೆಯುವ ಹಾಗೆ ಸ್ಕ್ರಿಪ್ಟ್ ಬರೆದ. ಬಾವಿ ಹತ್ತಿರ ಮೆಸೇಜು ಬಂದದ್ದು ಅದರ ಮೊದಲ ರಾತ್ರಿ.

ವಾಪಸ್ ಆಫೀಸಿಗೆ ಬಂದ. ಮೆಟ್ಟಿಲಲ್ಲೇ ಕೇಳಿಸಿತು... ಟಕ್. ಕಂಪ್ಯೂಟರಿನ ಫ್ಯಾನು ಗುಂಯ್ ಅಂತ ಏರಿ, ಇಳಿಯಿತು. ಮತ್ತೆ... ಟಕ್.

ಬೀಗ ತೆಗೆದ. ಕತ್ತಲೆ, ಪರದೆಯ ಬೆಳಕು, ಖಾಲಿ ಕುರ್ಚಿ. ಸ್ಕ್ರಿಪ್ಟ್ ನಿಂತಿತ್ತಲ್ಲ, ಮೊದಲಿನ ಹಾಗೇ ಪ್ರಶ್ನೆ ಬಂತು. ಎಂಟರ್ ಕೀ ತಾನಾಗಿ ಕೆಳಗೆ ಹೋಗಿ ಮೇಲೆ ಬಂತು. ಹೆದರಿಕೆ ಆಗಲಿಲ್ಲವಂತೆ. ಹೆದರಿಕೆಯೂ ಹುಟ್ಟದಷ್ಟು ಜಡವಾಗಿದ್ದೆ ಅಂದ.

"ಸಾರ್..."

"ನೀನ್ ಮನೆಗ್ ಹೋಗಪ್ಪ." ಪಿಸುಮಾತು, ಕುರ್ಚಿಯ ಕಡೆಯಿಂದ.

"ನೀವ್ ಕೂರೋದ್ ಬೇಡ ಸಾರ್. ಅದೇ ಉತ್ತರ ಕೊಟ್ಕೊಳ್ಳತ್ತೆ."

"ಮಧ್ಯದಲ್ಲಿ ಯಾವ್ದಾದ್ರೂ ಕೆಟ್ರೆ?"

"ಅದನ್ನ ಬಿಟ್ಟು ಮುಂದಿನದಕ್ಕೆ ಹೋಗತ್ತೆ. ಕೆಟ್ಟಿದ್ದನ್ನ ಬೆಳಿಗ್ಗೆ ನಾನ್ ನೋಡ್ಕೋತೀನಿ."

ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು. ಈ ಸಲ ಎಂಟರ್ ಕೀ ಕೆಳಗೆ ಹೋಗಲಿಲ್ಲ.

"ಹಾಗಾದ್ರೆ ಯಾರೂ ಬೇಡ್ವಾ?"

"ಬೇಡ ಸಾರ್. ನೀವ್ ಹೊರಡಿ."

ಅಷ್ಟು ಹೇಳುವಾಗ ಎದೆ ಹಿಂಡಿದ ಹಾಗಾಯಿತಂತೆ, ಅವರು ತೀರಿಕೊಂಡಮೇಲೆ ಮೊದಲ ಸಲ. ಕುರ್ಚಿ ಕಿರ್ ಅಂತು, ಚಕ್ರ ಹಿಂದಕ್ಕೆ ಉರುಳಿತು. ಆಮೇಲೆ ಏನೂ ಇಲ್ಲ. ಲಕ್ಷ್ಮೀಶ ನಿಂತುಕೊಂಡೇ ಸ್ಕ್ರಿಪ್ಟನ್ನು ಮತ್ತೆ ಶುರುಮಾಡಿದ. ಪ್ಯಾಕೇಜುಗಳು ಒಂದರ ಹಿಂದೆ ಒಂದು, ಯಾರನ್ನೂ ಏನೂ ಕೇಳದೆ ಮುಗಿಯುತ್ತಾ ಹೋದವು.

"ಆಗಲಾದ್ರೂ ಅತ್ತ್ಯೇನೋ?" ಅಂತ ಕೇಳಿದೆ.

"ಇಲ್ಲ ಕಣೋ. ನಿದ್ದೆ ಬಂತು." ಅಲ್ಲೇ ನೆಲದ ಮೇಲೆ ಮಲಗಿಬಿಟ್ಟಿದ್ದ.

ಬೆಳಿಗ್ಗೆ ಫೋನ್ ಮಾಡಿ ಕರೆದ, ಹೋದೆ. ಮನೋಹರ್ ಸಾರ್ ಅವರನ್ನು ಎತ್ತಿಕೊಂಡು ಹೋದ ದಿನ ಅವರ ಚಪ್ಪಲಿ ಬಾಗಿಲ ಹೊರಗೇ ಉಳಿದಿತ್ತು. ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ, ನಾನೇ ಎಷ್ಟೋ ಸಲ ನೋಡಿದ್ದೇನೆ. ಅವತ್ತು ಅದು ಅಲ್ಲಿರಲಿಲ್ಲ. ನೀವು ನಂಬಿ, ಬಿಡಿ, ನಡೆದದ್ದು ನಡೆದದ್ದೇ. ಯಾರೋ ಕದ್ದಿರಬೇಕು ಅಂತ ಮಾತ್ರ ಹೇಳಬೇಡಿ. ಅದರ ಪಕ್ಕದಲ್ಲೇ ರಾತ್ರಿ ಬಿಚ್ಚಿಟ್ಟಿದ್ದ ಲಕ್ಷ್ಮೀಶನ ಹೊಸ ಶೂ ಇಟ್ಟ ಹಾಗೇ ಇತ್ತು.