ಹೊಲಿಗೆ ಕಲಿತು ಬರುತ್ತಾನಂತೆ

ರಾಯಚೂರಿನ ಬಸ್‌ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದ ಬಳೆ ಮಾರುವ ಹೀರಾಬಿಗೆ, ಪಕ್ಕದಲ್ಲಿ ಕೂತಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಯಕ್ಕಾ, ಇವತ್ತು ಮಗನ್ನ ಬಿಡ್ತೀವಿ ಅಂದಿದ್ರಲ್ಲ, ಎಲ್ಲಿ ಅವ?" ಎಂದ ತಮ್ಮ.

"ರಿಮ್ಯಾಂಡ್ ಹೋಮಿನ್ಯಾಗ ಅದಾನ, ಬಿಟ್ರೂ ಬರಲಿಲ್ಲ. ಹೊಲಿಗಿ ಕಲಿತು ಬರ್ತೀನಿ ಅಂದ."

"ಅಲ್ಲಿ ಹೊಡೀತಾರ ಅಂತ ಅಳ್ತಿದ್ದನಲ್ಲ?"

"ಹೊಡಿಯಾವನ್ನ ತೆಗೆದಾರಂತ. ಹೊಸ ಸಾಹೇಬ್ರು ಹೊಲಿಗಿ ಮಾಸ್ತರನ್ನ ಇಟ್ಟಾರ. ಹೊಟ್ಟಿ ತುಂಬ ಊಟ ಹಾಕ್ತಾರಂತ."

"ನೀ ಎಳಕೊಂಡು ಬರಬೇಕಿತ್ತು."

"ಹೋದ ಸಲ ಸೆರಗು ಹಿಡಕೊಂಡು ಅತ್ತಾಗ ಬಿಟ್ಟು ಬಂದೀನಿ. ಈಗ ಯಾವ ಬಾಯಿಲೆ ಕರೀಲಿ?"



"ಹೊಸ ಅಂಗಿ ಒಯ್ದಿದ್ದಿಯಲ್ಲ?"

"ನೋಡಿದ. ಕಾಲರ್ ಸೊಟ್ಟ ಅದ, ಬಿಚ್ಚಿ ಹೊಲೀತೀನಿ ಅಂತ ಇಟಗೊಂಡ."

ಮಾನ್ವಿ ಬಸ್ಸು ಬಂತು. ಇಬ್ಬರೂ ಎದ್ದು ಹೋದರು. ಹೀರಾಬಿ ಖಾಲಿಯಾದ ಜಾಗಕ್ಕೆ ಬಳೆ ಗಂಟು ಸರಿಸಿಕೊಂಡಳು.