ಬೋಣಿ ಗೌಡನದೇ

ಬನ್ನಿ, ಕಟ್ಟೆ ಮೇಲೆ ಜಾಗ ಇದೆ. ಹೂಂ ಅನ್ನೋ ಬಾಯಿ ಇದ್ದರೆ ಇದು ಕಥೆ, ಇಲ್ಲದಿದ್ದರೆ ಮುದುಕನ ಕೆಮ್ಮು.

ಹೂಂ. ಒಂದು ನಾಡಿತ್ತು. ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿಯವರು ಕೋಲು ಹಿಡಿದು ನನ್ನ ಹುಡುಕಿಕೊಂಡು ಬರ್ತಾರೆ. ಆ ನಾಡಲ್ಲೊಂದು ಊರು. ಕೆರೆ ಇತ್ತು, ಹೊಲ ಇತ್ತು, ಒಬ್ಬ ಗೌಡ ಇದ್ದ. ಸಂತೆ ಇರಲಿಲ್ಲ. ಹಿಡಿ ಮೆಣಸಿನಕಾಯಿಗೆ ಎರಡು ಗುಡ್ಡ ಹತ್ತಿ ಇಳೀಬೇಕು. ಹಂಗಿತ್ತು ಆ ಊರಿನ ಬಾಳು. ನೀವು ನೋಡಿಲ್ಲ. ನಾನು ನೋಡಿದ್ದೀನಿ. ಅಂದರೆ ನಮ್ಮ ತಾತ ನೋಡಿದ್ದ, ಅವನ ಕಣ್ಣು ನನಗೆ ಬಂದಿದೆ.

ಆ ಊರಲ್ಲಿ ಹಲಗೆ ಬಡಿದು ಸುದ್ದಿ ಸಾರೋನು ಗಾದ್ರಪ್ಪ. ಮದುವೆ ಸುದ್ದಿ ಅವನೇ ಸಾರಬೇಕು, ಸಾವಿನ ಸುದ್ದಿ ಅವನೇ ಸಾರಬೇಕು. ಹೊಲ ಇಲ್ಲ, ದನ ಇಲ್ಲ. ಇದ್ದ ಆಸ್ತಿ ಒಂದೇ, ಮಾತು. ಗಾದ್ರಪ್ಪ ಹೇಳಿದ ಅಂದರೆ ಸುತ್ತ ಮೂರು ಊರು ಎದ್ದು ಹೊರಡೋದು. ಆ ಮಾತಿಗೇ ಅವನಿಗೆ ಮನೆಮನೆಯ ಅಂಬಲಿ.

ಗೌಡ ಅವನನ್ನ ಕರೆಸಿದ.

"ಏನೋ ಗಾದ್ರಿ, ನಮ್ಮೂರಲ್ಲಿ ಸಂತೆ ಕಟ್ಟಬೇಕು. ಹೋಗಿ ಮಾರೋರನ್ನ ಕರಕೊಂಡು ಬಾ."

"ಕರೆಯೋದು ಸುಲಭ ಗೌಡ್ರೇ, ನಿಲ್ಲಿಸಿಕೊಳ್ಳೋದು ಕಷ್ಟ. ಏನಂತ ಹೇಳಿ ಕರೀಲಿ?"

"ನೆರಳಿದೆ ಅನ್ನು. ನೀರಿದೆ ಅನ್ನು."

"ನೆರಳು ನೀರು ಎಲ್ಲಾ ಕಡೆ ಅದಾವೆ. ಅವರು ಕೇಳೋದು ಬೋಣಿ."

ಬೋಣಿ ಗೊತ್ತಲ್ಲ? ದಿನದ ಮೊದಲ ವ್ಯಾಪಾರ. ಮೊದಲು ಬಂದವನು ಮುಟ್ಟಿದ, ಬೆಲೆ ಕೇಳಿದ, ಕೊಳ್ಳದೆ ಹೋದ ಅಂದರೆ ಅವತ್ತು ಕೈ ಕೆಟ್ಟಿತು ಅಂತಲೇ ಲೆಕ್ಕ. ಸಂತೆಯವರು ಹಾವನ್ನಾದರೂ ತುಳಿದಾರು, ಕೆಟ್ಟ ಬೋಣಿ ತುಳಿಯಲ್ಲ.

ಗೌಡ ಮೀಸೆ ನೀವಿಕೊಂಡ. "ಹಂಗಾದರೆ ಹೇಳು, ನಮ್ಮೂರಲ್ಲಿ ಬೋಣಿ ಗೌಡನದೇ ಅಂತ."

ಗಾದ್ರಪ್ಪ ಹಿಗ್ಗಿ ಮನೆಗೆ ಬಂದ. ಹೆಂಡತಿ ಕೆಂಚಮ್ಮ ರಾಗಿ ಬೀಸ್ತಾ ಕೂತಿದ್ದಳು. ಎಲ್ಲಾ ಕೇಳಿ ಕಲ್ಲು ನಿಲ್ಲಿಸಿದಳು.

"ಕೈ ಗೌಡಂದು, ಬಾಯಿ ನಿಂದು. ಹಲಗೆ ಹರಿದರೆ ಚರ್ಮ ಹಾಕಿಸ್ತೀ. ಬಾಯಿ ಹರಿದರೆ ಏನು ಮಾಡ್ತೀ?"

"ಶುಭಕ್ಕೆ ಹೊರಟಾಗ ಅಪಶಕುನ ನುಡೀಬೇಡ್ವೇ."

"ಸರಿ, ಹೋಗು. ನಮ್ಮ ತವರಿಗೂ ಹೋಗಿ ಕರಿ. ನಿನ್ನ ಮುಖ ನೋಡಿಯಾದರೂ ಬಂದಾರು."

ವೀಳ್ಯದೆಲೆ ಕಟ್ಟಿಕೊಂಡು ಹೊರಟ. ಮೊದಲ ಊರಲ್ಲಿ ಕುಂಬಾರ ಬೊಮ್ಮಯ್ಯ. ಅವನ ಗಡಿಗೆ ತಟ್ಟಿದರೆ ಆಚೆ ಊರಿನ ದನ ತಲೆ ಎತ್ತೋವು. ಎರಡನೇ ಊರಲ್ಲಿ ಕಂಬಳಿ ಕಾಟಯ್ಯ. ಅವನ ಕಂಬಳಿ ಮೇಲೆ ಬಿದ್ದ ಮಳೆ ನಾಚಿಕೊಂಡು ಮೋಡಕ್ಕೆ ವಾಪಸ್ ಹೋಗೋದು. ಮೂರನೇ ಊರು ಕೆಂಚಮ್ಮನ ತವರು, ಅಲ್ಲಿ ಮೆಣಸಿನಕಾಯಿ ಈರಮ್ಮ. ಅವಳು ಚೀಲ ಬಿಚ್ಚಿದರೆ ಮೇಲೆ ಹಾರೋ ಹದ್ದು ಸೀನಿ ಕೆಳಗೆ ಬೀಳೋದು. ನಗಬೇಡ್ರೋ, ಒಂದನ್ನ ನಾನೇ ಸಾಕಿದ್ದೆ.

ಮೂವರೂ ಕೇಳಿದ್ದು ಒಂದೇ. "ಬೋಣಿ ಯಾರದು?" ಗಾದ್ರಪ್ಪ ಹೇಳಿದ್ದೂ ಒಂದೇ. "ಗೌಡಂದೇ. ಮುಟ್ಟಿದ ಕೈ ಬರಿಗೈಲಿ ಹೋಗಲ್ಲ. ಇದು ನನ್ನ ಮಾತು." ಮೂವರೂ ವೀಳ್ಯ ತಗೊಂಡರು. ವೀಳ್ಯ ತಗೊಂಡ ಮೇಲೆ ಮುಗೀತು, ಬರಲೇಬೇಕು.

ಸಂತೆ ಕೂಡ್ತು. ಮೂವರ ಹಿಂದೆ ಮೂವತ್ತು ಜನ ಬಂದರು. ಬೆಳ್ಳಗೆ ಬೆಳಕಾಯ್ತು, ಕೊಳ್ಳೋರೂ ಬಂದು ನಿಂತರು. ಗೌಡನ ಆಳು ಕೂಗಿದ: "ಗೌಡ್ರ ಬೋಣಿ ಆಗೋ ತನಕ ಯಾರೂ ಏನೂ ಮುಟ್ಟಂಗಿಲ್ಲ."

ಗೌಡ ಎಲ್ಲಿ? ಮಲಗಿದ್ದ. ಆಮೇಲೆ? ಎಣ್ಣೆ ಹಚ್ಚಿಸಿಕೊಳ್ತಿದ್ದ. ಆಮೇಲೆ? ಉಣ್ತಿದ್ದ. ಹೊತ್ತು ನೆತ್ತಿಗೆ ಬಂದಾಗ ಜರಿ ಪೇಟ ಸುತ್ತಿಕೊಂಡು ಬಂದ. ಮಾರೋರೆಲ್ಲ ಎದ್ದು ನಿಂತರು. ಗಡಿಗೆ ಎತ್ತಿದ, ತಟ್ಟಿದ, ಬೆಲೆ ಕೇಳಿದ, ಕೆಳಗಿಟ್ಟ. ಕಂಬಳಿ ಎತ್ತಿದ, ಹೊದ್ದ, ಬೆಲೆ ಕೇಳಿದ, ಬಿಸಾಕಿದ. ಮೆಣಸಿನಕಾಯಿ ಎತ್ತಿದ, ಮುರಿದ, ಮೂಸಿದ, ಉದುರಿಸಿದ. ಮುಂದಕ್ಕೆ ಹೋದ. ಕೊಂಡರೆ ನಾಲ್ಕು ಜನರಲ್ಲಿ ಒಬ್ಬ ಆಗಿಬಿಡ್ತಾನಲ್ಲ. ಅವನಿಗೆ ಬೇಕಿದ್ದದ್ದು ಸರಕಲ್ಲ, ಅವರು ಎದ್ದು ನಿಲ್ಲೋದು.

ಬೊಮ್ಮಯ್ಯ ಗಡಿಗೆಗಳನ್ನ ಹುಲ್ಲಲ್ಲಿ ಸುತ್ತಿ ಎತ್ತಿಗೆ ನೊಗ ಹಾಕಿದ. "ಗಾದ್ರಣ್ಣ, ನಿನ್ನ ಮಾತು ಹಸಿ ಗಡಿಗೆ ಕಣಪ್ಪ. ನೀರು ಹಾಕ್ತಲೇ ಕರಗಿತು."

ಗಾದ್ರಪ್ಪ ಗೌಡನ ಕಾಲಿಗೆ ಬಿದ್ದ. "ಗೌಡ್ರೇ, ಬೊಮ್ಮಯ್ಯ ಹೋದ. ಮುಂದಿನ ವಾರ ಒಂದು ಮೆಣಸಿನಕಾಯಿಯಾದರೂ ಕೊಳ್ಳಿ."

"ಒಬ್ಬ ಹೋದರೆ ಹತ್ತು ಜನ ಬರ್ತಾರೆ. ಹೋಗು, ಕರಿ."

ಹೋದ, ಕರೆದ. "ಈ ವಾರ ಗೌಡ್ರು ಕೊಳ್ತಾರೆ." ಕೊಳ್ಳಲಿಲ್ಲ. ಕಾಟಯ್ಯ ಹೋದ. ಗಾದ್ರಪ್ಪ ಮತ್ತೆ ಹೋದ, ಮತ್ತೆ ಕರೆದ. ಕೊಳ್ಳಲಿಲ್ಲ. ಕಡೆಗೆ ಈರಮ್ಮ ಚೀಲ ಕಟ್ಟಿದಳು.

"ಗಾದ್ರಣ್ಣ, ನಮ್ಮೂರ ಅಳಿಯ ಅಂತ ಇಷ್ಟು ದಿನ ಬಂದೆ. ಇನ್ನು ನನ್ನ ಬಾಗಿಲಲ್ಲಿ ಹಲಗೆ ಬಡೀಬೇಡ."

ಕೇಳಿ, ಇನ್ನು ಮುಂದೆ ನಗೋ ಮಾತಿಲ್ಲ.

ಒಂದು ಸಂತೆ ದಿನ, ಇನ್ನೂ ಮಬ್ಬುಗತ್ತಲೆ, ಕೆಂಚಮ್ಮ ತೀರಿಕೊಂಡಳು. ಎಲ್ಲರ ಸಾವು ಸಾರಿದ ಗಾದ್ರಪ್ಪ ತನ್ನ ಹೆಂಡತಿ ಸಾವನ್ನೂ ತಾನೇ ಸಾರಬೇಕು. ಹಲಗೆ ನೇತುಹಾಕಿಕೊಂಡು ಅವಳ ತವರಿಗೆ ಓಡಿದ. "ಕೆಂಚಮ್ಮ ಹೋದಳು, ಮಣ್ಣಿಗೆ ಬನ್ನಿ," ಅಂತ ಬೀದಿಬೀದಿ ಸಾರಿದ.

ಕಟ್ಟೆ ಮೇಲಿದ್ದವನೊಬ್ಬ ಎಲೆಯಡಿಕೆ ಉಗುಳಿ ಅಂದ, "ಸಂತೆಗೆ ಜನ ಸಾಲಲಿಲ್ಲ ಅಂತ ಹೆಂಡತಿಯನ್ನೇ ಸಾಯಿಸಿದೆಯೇನಪ್ಪ?"

ಇದೂ ಸುಳ್ಳೇ ಅಂತ ಯಾರೂ ಏಳಲಿಲ್ಲ. ಈರಮ್ಮನ ಬಾಗಿಲು ತೆರೀಲಿಲ್ಲ. ತವರಿನ ಒಂದು ಹಿಡಿ ಮಣ್ಣು ಕೆಂಚಮ್ಮನ ಮೇಲೆ ಬೀಳಲಿಲ್ಲ.

ಗುಂಡಿ ಮಣ್ಣು ಇನ್ನೂ ಹಸಿ ಇತ್ತು, ಗೌಡ ಹೇಳಿ ಕಳಿಸಿದ. "ಈಗ ಹೋಗೋ. ಹೆಂಡತಿ ಸತ್ತವನು ಅಂತ ಅಯ್ಯೋ ಅಂದಾದರೂ ಬರ್ತಾರೆ."

ಗಾದ್ರಪ್ಪ ಹಲಗೆ ಹೆಗಲಿಗೆ ಹಾಕಿದ. ಹೋದ. ಮೂರು ಊರಲ್ಲೂ ಸಾರಿದ.

"ಕೇಳ್ರಪ್ಪೋ. ನಮ್ಮೂರಲ್ಲಿ ಸಂತೆ ಅದೆ. ನೆರಳದೆ, ನೀರದೆ. ಗೌಡ ಮಧ್ಯಾಹ್ನ ಬರ್ತಾನೆ. ಮುಟ್ತಾನೆ, ಕೊಳ್ಳಲ್ಲ. ಹಿಂದೆ ಹೇಳಿದ್ದು ಸುಳ್ಳು, ಇವತ್ತು ಹೇಳಿದ್ದು ನಿಜ. ಬರೋರು ಬನ್ನಿ."

ಬೊಮ್ಮಯ್ಯ ತಿರುಗೋ ತಿಗರಿ ನಿಲ್ಲಿಸಿ ಕೇಳಿದ. ಕಾಟಯ್ಯ ಮಗ್ಗದ ಗುಂಡಿಯಿಂದ ಎದ್ದು ಬಂದು ಕೇಳಿದ. ಈರಮ್ಮ ಬಾಗಿಲು ತೆರೆದಳು.

"ಗಾದ್ರಣ್ಣ, ಕೆಂಚಿ ನಿಜವಾಗಲೂ ಹೋದಳಾ?"

"ಹೋದಳು ತಾಯಿ."

ಒಳಗೆ ಹೋಗಿ ಅಂಬಲಿ ತಂದುಕೊಟ್ಟಳು. ಮೆಣಸಿನಕಾಯಿ ಘಾಟು ಅಂತ ಇಬ್ಬರೂ ಕಣ್ಣು ಒರೆಸಿಕೊಂಡರು. ಅವತ್ತು ಆ ಮನೇಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.

ಸಂತೆಗೆ ಒಬ್ಬರೂ ಬರಲಿಲ್ಲ. ಗೌಡ ಬೇರೆ ಸಾರೋರನ್ನ ಕಳಿಸಿದ, ಮೊದಲು ಒಬ್ಬನನ್ನ, ಆಮೇಲೆ ಇನ್ನೊಬ್ಬನನ್ನ, ಆಮೇಲೆ ಮತ್ತೊಬ್ಬನನ್ನ. ಹೋದ ಕಡೆಯೆಲ್ಲ ಒಂದೇ ಉತ್ತರ. "ಗಾದ್ರಪ್ಪ ಬಂದು ಹೇಳಲಿ, ಆಮೇಲೆ ನೋಡೋಣ."

ಕಡೆಗೆ ಗೌಡ ತಾನೇ ಗಾದ್ರಪ್ಪನ ಗುಡಿಸಿಲ ಮುಂದೆ ಬಂದು ನಿಂತ. ಗಾದ್ರಪ್ಪ ಏಳಲಿಲ್ಲ.

"ಒಂದು ಮಾತು ಹೇಳೋ. ನಿನ್ನ ಮಾತಿಗೆ ಬರ್ತಾರಂತೆ."

"ಹೇಳ್ತೀನಿ ಗೌಡ್ರೇ. ಬೋಣಿ ಬಿಟ್ಟುಬಿಡಿ. ಮೊದಲು ಬಂದ ಬಡವ ಮಾಡಲಿ."

ಗೌಡ ಪೇಟ ಸರಿ ಮಾಡಿಕೊಂಡ. ಆಮೇಲೆ ಅಂದ, "ಅದು ಹೆಂಗಾಗ್ತದೋ? ಬೋಣಿ ಗೌಡನ ಹಕ್ಕು."

"ಹಂಗಾದರೆ ಇಟ್ಟುಕೊಳ್ಳಿ."

ಇಟ್ಟುಕೊಂಡ. ಸಾಯೋ ತನಕ ಇಟ್ಟುಕೊಂಡ, ಸತ್ತ ಮೇಲೆ ಮಗ ಇಟ್ಟುಕೊಂಡ. ಆ ಊರಲ್ಲಿ ಇವತ್ತಿಗೂ ಬೋಣಿ ಗೌಡನದೇ. ಮಾರೋರು ಯಾರೂ ಇಲ್ಲ, ಅಷ್ಟೇ.

ಕಥೆ ತೀರಿತು, ಕಟ್ಟೆ ಕಲ್ಲು ತಣ್ಣಗಾಯ್ತು. ಏಳಿ, ಹೋಗಿ. ನಿಮ್ಮ ನಿಮ್ಮ ಮನೆ ನಾಯಿ ನಿಮ್ಮ ಗುರುತು ಹಿಡಿದರೆ ಅದೇ ಪುಣ್ಯ.