ಉಂಡೆಗೆ ಕಟ್ಟಬೇಡ

ಇದು ನಮ್ಮ ದೊಡ್ಡಪ್ಪನ ಮಗ ರುಸ್ಕೊಗೆ ಆದದ್ದು. ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ಬಾಯಿ ಒಣಗುತ್ತೆ.

ಆ ರಾತ್ರಿ ರುಸ್ಕೊ ಕಾಲೆಳೆದುಕೊಂಡು ಊರ ಕಡೆ ಬರುತ್ತಿದ್ದ. ಎರಡೂ ಬೂಟಿನೊಳಗೆ ಕೆಸರು. ಬಲಗಾಲು ಇಟ್ಟರೆ ಪಚಕ್, ಎಡಗಾಲು ಇಟ್ಟರೆ ಪುಚಕ್. ಹಗಲೆಲ್ಲ ಮರದ ಮಿಲ್ಲಿನಲ್ಲಿ ಪೈನ್ ದಿಮ್ಮಿ ಉರುಳಿಸಿದ ಮೈ. ಸಂಜೆ, ಬೇಗ ಮನೆ ಸೇರೋಣ ಅಂತ, ಸುತ್ತು ರಸ್ತೆ ಬಿಟ್ಟು ಹೊಳೆ ಪಕ್ಕದ ಹುಲ್ಲುಗಾವಲಿಗೆ ತನ್ನ ಹಳೇ ನೀವಾ ಜೀಪನ್ನು ಇಳಿಸಿದ್ದ. ನಾಲ್ಕೂ ಚಕ್ರ ಎಳೆಯುವ ಗಾಡಿ, ನನಗ್ಯಾರ ಭಯ ಅನ್ನುವ ಠೇಂಕಾರ. ಮೇಲೆ ಹುಲ್ಲಿತ್ತು. ಹುಲ್ಲಿನ ಕೆಳಗೆ ನೆಲ ಇರಲಿಲ್ಲ. ಗಾಡಿ ಕೂತಿತು. ಇವನು ಆಕ್ಸಿಲರೇಟರ್ ತುಳಿದ, ಅದು ಇನ್ನಷ್ಟು ಕೂತಿತು. ನಾಲ್ಕೂ ಚಕ್ರ ಒಟ್ಟಿಗೇ ತಿರುಗಿದ್ದರಿಂದ ನಾಲ್ಕೂ ಒಟ್ಟಿಗೇ ಹೂತವು. ಮೊಟ್ಟೆಗೆ ಕೂತ ಕೋಳಿ ಹಾಗೆ ಹೊಟ್ಟೆ ನೆಲಕ್ಕೆ ಹಚ್ಚಿಬಿಟ್ಟಿತು.

ಬೇರೆ ದಿನ ಆಗಿದ್ದರೆ ಅಲ್ಲೇ ಬಿಟ್ಟು ಬಂದು ಮಲಗುತ್ತಿದ್ದ. ಆದರೆ ಬೆಳಗಾದರೆ ಅಮ್ಮನ ಸರದಿ. ದಫೀನಾ ದೊಡ್ಡಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ದಿನ ಬಿಟ್ಟು ದಿನ ಸ್ಮೊಲ್ಯಾನಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ನಮ್ಮೂರಿಗೆ ಬೆಳಗಿನ ಬಸ್ಸಿಲ್ಲ, ಆಂಬುಲೆನ್ಸ್ ಕೆಳಗಿನ ಸೇತುವೆಗೇ ನಿಲ್ಲುತ್ತೆ. ಹೋದ ಚಳಿಗಾಲ ಹಿಮ ಬಿದ್ದು ಒಂದು ಸರದಿ ತಪ್ಪಿತ್ತು. ದೊಡ್ಡಮ್ಮನ ಮುಖ ಹಿಟ್ಟಿನ ಮುದ್ದೆ ಹಾಗೆ ಊದಿ, ಮಲಗಿದರೆ ಉಸಿರು ಹತ್ತದೆ, ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ಕಳೆದಿದ್ದಳು. ಆ ಉಸಿರಿನ ಸದ್ದು ರುಸ್ಕೊ ಕಿವಿಯಲ್ಲಿ ಇನ್ನೂ ಇದೆ. ಹಳೇ ಬಾಗಿಲು ಗಾಳಿಗೆ ಆಡಿದ ಹಾಗೆ... ಕುಯ್ಯ್... ಕುಯ್ಯ್...

ಹಾಗಾಗಿ ಗಾಡಿ ಇವತ್ತೇ ಮೇಲೆ ಬರಬೇಕು.

ಊರ ಹೊರಗೆ ವಾಲ್‌ನಟ್ ಮರದ ಕೆಳಗೆ ಒಂದು ಬಾವಿ ಇದೆ. ರುಸ್ಕೊ ಅಲ್ಲಿಗೆ ಬರುವ ಹೊತ್ತಿಗೆ ರಾಟೆ ಸದ್ದು ಮಾಡುತ್ತಿತ್ತು. ಕಿರ್... ಕಿರ್... ಗಾಳಿ ಇರಲಿಲ್ಲ. ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದ. ಟೋಪಿಯನ್ನು ಹಣೆಗೆ ಒತ್ತಿ ಹಿಡಿದುಕೊಂಡಿದ್ದ. ಕುಡಿದು ತಲೆನೋವು ಬಂದಿರಬೇಕು ಅಂದುಕೊಂಡ ರುಸ್ಕೊ.

"ಸಿಕ್ಕಿಕೊಳ್ತಾ?" ಅಂದ ಅವನು. ದನಿ ಮೆಲ್ಲಗಿತ್ತು.

"ಹೂಂ."

"ಹೊಟ್ಟೆವರೆಗೂ?"

"ಹೊಟ್ಟೆವರೆಗೂ."

"ಎಳೆಯೋದ್ಯಾರು?"

"ನಮ್ಮ ಭಾವ. ವೆಲ್ಕೊ."

ರಾಟೆಯ ಸದ್ದು ನಿಂತಿತು.

"ಗಂಚೋನ ಮಗಾನಾ?"

"ಹೂಂ."

"ಉಂಡೆಗೆ ಕಟ್ಟಬೇಡ ಅನ್ನು."

ಉಂಡೆ ಅಂದರೆ ಗಾಡಿ ಹಿಂದೆ ಟ್ರೇಲರ್ ಸಿಕ್ಕಿಸೋಕೆ ಇರುವ ಕಬ್ಬಿಣದ ಉಂಡೆ. ನಮ್ಮೂರಲ್ಲಿ ಹುಲ್ಲು, ಸೌದೆ, ಕುರಿ ಎಲ್ಲ ಟ್ರೇಲರಿನಲ್ಲೇ ಹೋಗುವುದರಿಂದ ಉಂಡೆ ಇಲ್ಲದ ಗಾಡಿ ಇಲ್ಲ. ಬಾಲ ಇಲ್ಲದ ನಾಯಿ ಸಿಕ್ಕೀತು. ರುಸ್ಕೊ "ಆಯ್ತು" ಅಂದು ಮುಂದೆ ನಡೆದ. ಯಾರಿವನು ಅಂತ ಹಿಂದೆ ತಿರುಗಿ ನೋಡಬಹುದಿತ್ತು. ಕತ್ತು ತಿರುಗಿಸೋಕೂ ಸುಸ್ತು.

ಮನೆಯಲ್ಲಿ ದೊಡ್ಡಮ್ಮ ಒಲೆ ಪಕ್ಕ ಕೂತಿದ್ದಳು. ಆಸ್ಪತ್ರೆ ಚೀಲ ಆಗಲೇ ಮಡಿಲಲ್ಲಿ.

"ಹಂದಿ ಜೊತೆ ಹೊರಳಾಡಿ ಬಂದ್ಯಾ?" ಅಂದಳು.

"ಗಾಡಿ ಕೂತಿದೆ ಅಮ್ಮ. ಎಬ್ಬಿಸ್ತೀವಿ. ನೀನು ಮಲಕ್ಕೋ."

"ಒಂದು ಸಲ ತಪ್ಪಿದ್ರೆ ಏನು ಸಾಯ್ತೀನಾ, ಬಿಡೋ."

ಹಾಗಂದಳು, ಆದರೆ ಚೀಲ ಕೆಳಗಿಡಲಿಲ್ಲ. ಕಣಕಾಲು ಆಗಲೇ ಊದಿ ಚಪ್ಪಲಿ ಬಿಗಿಯಾಗಿತ್ತು.

ಪಕ್ಕದ ಮನೆಯೇ ವೆಲ್ಕೊ ಭಾವನದು, ರುಸ್ಕೊನ ಅಕ್ಕನ ಗಂಡ. ಅವನ ಹತ್ತಿರ ಒಂದು ಉವಾಜ್ ಜೀಪಿದೆ, ಸೈನ್ಯದವರು ಹರಾಜಿಗೆ ಹಾಕಿದ್ದು. ಎಳೆಯೋಕೆ ಎತ್ತು. ಆದರೆ ಬ್ರೇಕ್ ಇಲ್ಲ, ನಿಲ್ಲಿಸಬೇಕಾದರೆ ಮರ ಹುಡುಕಬೇಕು. ಕಾಡಲ್ಲಿ ಓಡಾಡಬಹುದು ಅಷ್ಟೆ, ಅದರಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದರೆ ಆಸ್ಪತ್ರೆ ಬದಲು ನೇರ ಸ್ಮಶಾನ. ವೆಲ್ಕೊ ಹುರುಳಿಕಾಯಿ ಸೂಪಿನ ತಟ್ಟೆ ಹಾಗೇ ಬಿಟ್ಟು ಎದ್ದ.

"ನಿನಗೆ ಲೈಸೆನ್ಸ್ ಕೊಟ್ಟೋನಿಗೆ ಮೊದಲು ಸಗಣಿ ಎರಚಬೇಕು," ಅಂದ.

"ಆಮೇಲೆ ಎರಚು ಭಾವ. ಈಗ ನಡಿ."

ಬಾವಿ ದಾಟುವಾಗ ಕಟ್ಟೆ ಮೇಲೆ ಯಾರೂ ಇರಲಿಲ್ಲ.

ಹುಲ್ಲುಗಾವಲಿಗೆ ಬಂದರು. ವೆಲ್ಕೊ ಉವಾಜನ್ನು ಗಟ್ಟಿ ನೆಲದ ಮೇಲೆ, ಬೆನ್ನು ನೀವಾ ಕಡೆಗೆ ಮಾಡಿ ನಿಲ್ಲಿಸಿದ. ಎಳೆಯುವ ಪಟ್ಟಿಯ ಒಂದು ತುದಿಯನ್ನು ನೀವಾದ ಮುಂದಿನ ಕೊಕ್ಕೆಗೆ ಹಾಕಿದ. ಇನ್ನೊಂದು ತುದಿಯ ಕುಣಿಕೆಯನ್ನು ಉವಾಜಿನ ಉಂಡೆಗೆ ಸಿಕ್ಕಿಸಿದ. ಟಪ್.

"ಭಾವ, ಉಂಡೆಗೆ ಬೇಡವಂತೆ."

"ಯಾರಂತೆ?"

"ಬಾವಿ ಹತ್ರ ಯಾರೋ ಅಂದ."

"ಬಾವಿ ಹತ್ರ ಕೂತಿರೋನು ಕುಡುಕ. ಹೋಗಿ ಸ್ಟೇರಿಂಗ್ ಹಿಡಿ."

ರುಸ್ಕೊ ಹೋಗಿ ಕೂತ. ಎದುರಿಗೆ ಗಾಜು, ಗಾಜಿನಾಚೆ ಪಟ್ಟಿ, ಪಟ್ಟಿಯ ತುದಿಗೆ ಆ ಉಂಡೆ. ಉವಾಜ್ ಗುಡುಗುಟ್ಟಿ ಮುಂದೆ ಹೋಯಿತು. ಹೋಗುತ್ತಲೇ ಇತ್ತು... ಪಟ್ಟಿ ಬಿಗಿಯಲಿಲ್ಲ. ಕುಣಿಕೆ ಕೆಸರಲ್ಲಿ ಬಿದ್ದಿತ್ತು.

ವೆಲ್ಕೊ ಇಳಿದು ಬಂದ. "ಸರಿಯಾಗಿ ಹಾಕಿದ್ದೆನಲ್ಲೋ."

ಮತ್ತೆ ಹಾಕಿದ. ಈ ಸಲ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ಎಳೆದು ನೋಡಿದ. ಮಂಗ ಬಂದರೂ ಬಿಚ್ಚಲಾರದು. ತಿರುಗಿ ಬಾಗಿಲವರೆಗೂ ಹೋಗಿಲ್ಲ... ಹಿಂದಿನಿಂದ ಸದ್ದು. ಥಪ್. ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದ ಹಾಗೆ.

ಪಟ್ಟಿ ಹುಲ್ಲಿನ ಮೇಲಿತ್ತು. ಬಿದ್ದಿರಲಿಲ್ಲ. ಮಡಚಿ ಇಟ್ಟಿತ್ತು. ವೆಲ್ಕೊನ ಹೆಂಡತಿ ಸೆವ್ದಾ ಅಕ್ಕ ಟವೆಲ್ ಮಡಚಿ ಇಡುತ್ತಾಳಲ್ಲ, ಹಾಗೆ.

"ರುಸ್ಕೊ," ಅಂದ ವೆಲ್ಕೊ, ಮೆಲ್ಲಗೆ. "ನಿಮ್ಮ ವಂಶಕ್ಕೇ ತಮಾಷೆ ರೋಗ ಇದೆ, ನನಗೆ ಗೊತ್ತು. ಇವತ್ತು ಬೇಡ."

"ನಾನು ಇಳಿದೇ ಇಲ್ಲ ಭಾವ. ನೋಡು, ಬಾಗಿಲ ಹೊರಗೆ ಹೆಜ್ಜೆ ಇದ್ಯಾ?"

ವೆಲ್ಕೊ ಟಾರ್ಚ್ ಬಿಟ್ಟು ನೋಡಿದ. ರುಸ್ಕೊ ಬಾಗಿಲ ಹತ್ತಿರ ಹೊಸ ಹೆಜ್ಜೆ ಇರಲಿಲ್ಲ. ಉವಾಜಿನ ಹಿಂದೆ ಅವನವೇ ಇದ್ದವು. ಟಾರ್ಚನ್ನು ಉವಾಜಿನ ಅಡಿಗೆ ತಿರುಗಿಸಿದ. ಅಲ್ಲೇ ನಿಂತುಬಿಟ್ಟ.

ಉವಾಜಿನ ಹಿಂಭಾಗದಲ್ಲಿ, ಕೆಳಗೆ, ಚಾಸಿಗೇ ಕೂಡಿಸಿದ ದಪ್ಪ ಕೊಕ್ಕೆ ಒಂದಿದೆ. ಸೈನ್ಯದವರು ಎಳೆಯೋಕೆ ಅಂತಲೇ ಇಟ್ಟದ್ದು. ಬಗ್ಗಬೇಕಾಗುತ್ತೆ ಅಂತ ವೆಲ್ಕೊ ಅದನ್ನು ಮುಟ್ಟಿಯೇ ಇರಲಿಲ್ಲ. ಕೆಸರು ಮೆತ್ತಿ ಮೆತ್ತಿ ಒಣಗಿ ಕೊಕ್ಕೆ ಕಾಣುತ್ತಲೇ ಇರಲಿಲ್ಲ. ಈಗ ಕಾಣುತ್ತಿತ್ತು. ಕೆಸರನ್ನು ಯಾರೋ ಕೆರೆದು ತೆಗೆದಿದ್ದರು. ಕಬ್ಬಿಣದ ಮೇಲೆ ಬೆರಳಿನ ಗೀರು... ನಾಲ್ಕು ಒಂದು ಕಡೆ, ಹೆಬ್ಬೆರಳಿನದು ಇನ್ನೊಂದು ಕಡೆ.

ಪಕ್ಕದಲ್ಲಿ ಹೊಳೆ ಸುಳುಸುಳು ಅನ್ನುತ್ತಿತ್ತು.

"ಬಾವಿ ಹತ್ರ ಇದ್ದೋನು ಹೇಗಿದ್ದ?" ಅಂದ ವೆಲ್ಕೊ.

"ಕತ್ತಲು. ಟೋಪಿ ಹಣೆಗೆ ಒತ್ತಿ ಹಿಡ್ಕೊಂಡಿದ್ದ. ನೀನು ಗಂಚೋನ ಮಗಾನಾ ಅಂತ ಕೇಳಿದ."

ವೆಲ್ಕೊ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತ. ಕೂತೇ ಅಂದ:

"ನಮ್ಮಪ್ಪನ ಗೆಳೆಯ ಯುರ್ದಾನ್ ಮಾವ ಸತ್ತಿದ್ದು ಮರ ಬಿದ್ದು ಅಲ್ಲ ಕಣೋ."

"ಊರೆಲ್ಲ ಹಾಗೇ ಅನ್ನುತ್ತಲ್ಲ."

"ನಮ್ಮಪ್ಪ ಹೇಳಿಸಿದ್ದು. ಪೊಲೀಸರು ಹಿಡ್ಕೊಂಡು ಹೋಗ್ತಾರೆ ಅಂತ. ಇದೇ ಗಾವಲಲ್ಲಿ ಯುರ್ದಾನ್ ಮಾವನ ಗಾಡಿ ಕೂತಿತ್ತು. ಅಪ್ಪ ಎಳೆದ. ಉಂಡೆಗೆ ಕಟ್ಟಿದ್ದ. ಉಂಡೆ ಕತ್ತು ಮುರೀತು... ಪಟ್ಟಿ ಅದನ್ನ ಕವಣೆ ಕಲ್ಲಿನ ಹಾಗೆ ಬೀಸ್ತು. ಗಾಜು ಒಡೆದು ಒಳಗೆ ಹೋಯ್ತು." ವೆಲ್ಕೊ ತನ್ನ ಹಣೆ ಮುಟ್ಟಿಕೊಂಡ. "ಅಪ್ಪ ಟೋಪಿ ತೆಗೆದು ಅವನ ಹಣೆಗೆ ಒತ್ತಿ ಹಿಡ್ಕೊಂಡ. ಬೆಳಗಿನವರೆಗೂ ಹಿಡ್ಕೊಂಡೇ ಕೂತಿದ್ದನಂತೆ."

"ಇಷ್ಟು ಗೊತ್ತಿದ್ದೂ ನೀನು ಉಂಡೆಗೇ ಹಾಕಿದ್ಯಲ್ಲ ಭಾವ."

"ಎಲ್ಲರೂ ಹಾಕ್ತಾರಲ್ಲೋ. ಬಗ್ಗಿದ್ರೆ ನನಗೆ ಸೊಂಟ ಹಿಡಿಯುತ್ತೆ."

ರುಸ್ಕೊಗೆ ಬೈಯಬೇಕು ಅನ್ನಿಸಿತು. ಬೈಯೋಕೂ ತ್ರಾಣ ಬೇಕಲ್ಲ. ಮನೆಯಲ್ಲಿ ಕುರ್ಚಿ ಮೇಲೆ ಚೀಲ ಹಿಡಿದು ಕೂತವಳು ನೆನಪಾದಳು. ಗಾಡಿ ಬಿಟ್ಟು ಓಡಿಹೋಗಲೂ ಆಗದು.

ವೆಲ್ಕೊ ಜೇಬಿನಿಂದ ರಕಿಯಾ ಸಾರಾಯಿ ಸೀಸೆ ತೆಗೆದ. ತಾನು ಕುಡಿಯಲಿಲ್ಲ. ನಮ್ಮಲ್ಲಿ ಸತ್ತವರಿಗೆ ಬಿಡುವ ಹಾಗೆ ಮೊದಲ ಗುಟುಕು ನೆಲಕ್ಕೆ ಬಿಟ್ಟ. ಆಮೇಲೆ ಏನನ್ನಿಸಿತೋ, ಪೂರ್ತಿ ಸೀಸೆ ಬಗ್ಗಿಸಿದ. ಗುಳುಗುಳು ಗುಳುಗುಳು.

"ಯುರ್ದಾನ್ ಮಾವ," ಅಂದ. "ಅಪ್ಪ ಬೇಕಂತ ಮಾಡಲಿಲ್ಲ. ಆಮೇಲೆ ಅವನು ಸ್ಟೇರಿಂಗ್ ಹಿಡೀಲೇ ಇಲ್ಲ. ಅತ್ತೆ ಆಸ್ಪತ್ರೆಗೆ ಹೋಗಬೇಕು. ಬಿಡು ನಮ್ಮನ್ನ."

ಅದಕ್ಕೆ ಉತ್ತರ ಬಂದಿದ್ದರೆ ಇಬ್ಬರೂ ಅಲ್ಲೇ ಮುಗಿಯುತ್ತಿದ್ದರು.

ಆಮೇಲೆ ಮಾಡಿದ್ದೆಲ್ಲ ಮೊದಲೇ ಮಾಡಬೇಕಾಗಿದ್ದ ಕೆಲಸ. ಪ್ರತಿ ಚಕ್ರದ ಮುಂದೆ ಸಲಿಕೆಯಿಂದ ಕೆಸರು ತೋಡಿ ಇಳಿಜಾರು ಮಾಡಿದರು. ಹೊಟ್ಟೆಯ ಅಡಿಯ ಮಣ್ಣನ್ನು ರುಸ್ಕೊ ಮಲಗಿಕೊಂಡು ಬಾಚಿದ, ಬಾಚುತ್ತಾ ಎರಡು ಸಲ ತೂಕಡಿಸಿದ. ಟೈರುಗಳ ಗಾಳಿ ಅರ್ಧಕ್ಕರ್ಧ ಬಿಟ್ಟರು, ಸ್ಸ್ಸ್... ಟೈರು ಅಗಲವಾಗಿ ಹರಡಿ ನೆಲ ಹಿಡಿಯಲಿ ಅಂತ. ಪೈನ್ ರೆಂಬೆ ಕಡಿದು ತಂದು ಚಕ್ರದ ಮುಂದೆ ಒತ್ತೊತ್ತಾಗಿ ಹಾಸಿದರು. ವೆಲ್ಕೊ ನರಳಿಕೊಂಡು ಬಗ್ಗಿ, ಕುಣಿಕೆಯನ್ನು ಆ ಕೊಕ್ಕೆಗೆ ಹಾಕಿದ. ತನ್ನ ಕುರಿ ಚರ್ಮದ ಕೋಟು ಬಿಚ್ಚಿ ಪಟ್ಟಿಯ ನಡುವೆ ಹೊದಿಸಿದ. ಕಿತ್ತು ಬಂದರೂ ಕೋಟಿನ ಭಾರಕ್ಕೆ ನೆಲಕ್ಕೆ ಬೀಳಲಿ ಅಂತ.

"ತಲೆ ತಗ್ಗಿಸಿ ಕೂತ್ಕೋ. ತುಳೀಬೇಡ. ಚಕ್ರ ಸುಮ್ಮನೆ ಉರುಳಲಿ."

ಉವಾಜ್ ಆಮೆ ಹಾಗೆ ಹೊರಟಿತು. ಪಟ್ಟಿ ಬಿಗಿಯಿತು. ಪಿಟಿಪಿಟಿ ಅಂತ ನೂಲು ಸದ್ದು. ರುಸ್ಕೊ ಕಣ್ಣು ಮುಚ್ಚಿಕೊಂಡ. ಗಾಡಿಯ ಹಿಂದೆ ಯಾರೋ ಉಸಿರು ಬಿಗಿಹಿಡಿದು ತಳ್ಳುವ ಸದ್ದು ಕೇಳಿಸಿತು... ಹ್ಞೂಂ... ಹ್ಞೂಂ... ಆಮೇಲೆ ಕೆಸರು ಬಾಯಿ ಬಿಟ್ಟಿತು, ಪ್ಳಕ್... ರೆಂಬೆಗಳು ಲಟಲಟ ಮುರಿದವು, ಗಾಡಿ ಗಟ್ಟಿ ನೆಲಕ್ಕೆ ಬಂತು.

ತಳ್ಳಿದ್ದು ಯಾರು ಅಂತ ಇವನು ಕೇಳಲಿಲ್ಲ. ಯಾಕೆ ಕೇಳಬೇಕು.

ಟೈರಿಗೆ ಮತ್ತೆ ಗಾಳಿ ತುಂಬಿ ಮುಗಿಸುವ ಹೊತ್ತಿಗೆ ಮೂಡಣ ಬಿಳುಪಾಯಿತು, ದೊಡ್ಡಮ್ಮ ಗಾಡಿ ಹತ್ತಿದಳು. ರುಸ್ಕೊ ಮುಖ ನೋಡಿ ಏನೂ ಕೇಳದೆ ಚೀಸಿನ ಬಾನಿತ್ಸಾ ತುಂಡೊಂದನ್ನು ಬಾಯಿಗೇ ತುರುಕಿದಳು. ಸರದಿ ತಪ್ಪಲಿಲ್ಲ. ಮಷೀನು ಗುಂಯ್ ಅನ್ನುತ್ತಾ ರಕ್ತ ಎಳೆದುಕೊಂಡಿತು. ಅವಳ ಉಸಿರು ನೆಟ್ಟಗಿತ್ತು. ರುಸ್ಕೊ ಪಕ್ಕದ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋದ.

ಫೋನ್ ಬಡಿದುಕೊಂಡಿತು. ವೆಲ್ಕೊ.

"ಉಂಡೆ ನೀನು ಬಿಚ್ಚಿದ್ಯಾ?"

"ಯಾವ ಉಂಡೆ?"

"ಉವಾಜಿಂದು. ಇಲ್ಲ ಅದು."

ಉವಾಜ್ ಇದ್ದದ್ದು ವೆಲ್ಕೊ ಮನೆಯ ಅಂಗಳದಲ್ಲಿ, ಗೇಟಿಗೆ ಬೀಗ. ಎಲೆ ಬಿದ್ದರೂ ಬೊಗಳುವ ನಾಯಿ ಬಾಯಿ ಬಿಟ್ಟಿರಲಿಲ್ಲ. ಆ ಉಂಡೆಯ ನಟ್ಟು ತುಕ್ಕು ಹಿಡಿದು ಬೆಸುಗೆ ಹಾಕಿದ ಹಾಗಾಗಿತ್ತು. ಹಿಂದೊಮ್ಮೆ ಅದನ್ನು ಬಿಚ್ಚಲು ಹೋಗಿ ವೆಲ್ಕೊ ಸ್ಪ್ಯಾನರನ್ನೇ ಮುರಿದಿದ್ದ. ಈಗ ನಟ್ಟು, ವಾಷರು ಎರಡೂ ಬಂಪರ್ ಮೇಲೆ, ಒಂದರ ಪಕ್ಕ ಒಂದು. ಉಂಡೆ ಎಲ್ಲೂ ಸಿಗಲಿಲ್ಲ.

ಊರವರು ಮೊದಲು ಹಿಡಿದದ್ದು ನನ್ನ ಕಿವಿಯನ್ನೇ. ತಮಾಷೆ ಎಲ್ಲೇ ಆಗಲಿ, ನನ್ನ ಹೆಸರಿಗೇ ಬರೆದುಬಿಡುತ್ತಾರೆ. ಆವತ್ತು ನಾನು ಅಜ್ಜಿ ಮನೆಯಲ್ಲಿ ಜ್ವರ ಬಂದು ಮಲಗಿದ್ದೆ. ಬೇಕಾದರೆ ಅಜ್ಜಿಯನ್ನು ಕೇಳಿ. ಇದರಲ್ಲಿ ಒಂದು ಮಾತೂ ನಾನು ಸೇರಿಸಿದ್ದಲ್ಲ.

ವೆಲ್ಕೊ ಮತ್ತೆ ಉಂಡೆ ಹಾಕಿಸಲಿಲ್ಲ. ಈಗ ಎರಡು ಚಳಿಗಾಲ ಕಳೆದಿದೆ. ಉವಾಜ್ ಅಂಗಳದಲ್ಲೇ ಇದೆ. ಉಂಡೆ ಇದ್ದ ಜಾಗದಲ್ಲಿ ಬರೀ ತೂತು. ಹೋಗಿ ಬೆರಳು ಹಾಕಿ ನೋಡಿ. ವೆಲ್ಕೊ ಅದನ್ನು ಮುಟ್ಟೋದೂ ಇಲ್ಲ, ಆದರೂ ಬೆರಳಿಗೆ ಗ್ರೀಸ್ ಹತ್ತುತ್ತೆ. ಹೊಸಾ ಗ್ರೀಸು.